ಬಾಣ ತೋರಿದ ದಾರಿ

ಇಪ್ಪತ್ತೆರಡು ವರ್ಷ ಕೇಂದ್ರ ಸರಕಾರದ ಕಛೇರಿಯೊಂದರಲ್ಲಿ ಕಡತ ಬರೆದೂ ಬರೆದೂ ನಮಗೆ ‘ನಾನು’ ಎಂಬ ಶಬ್ದವೇ ಮರೆತುಹೋಗಿದೆ. ಅಲ್ಲಿ ತಪ್ಪು ಮಾಡಿದರೂ ‘ಪ್ರಮಾದ ಸಂಭವಿಸಿದೆ’ ಎಂದು ಬರೆಯಬೇಕೇ ಹೊರತು ‘ನಾನು ಮಾಡಿದೆ’ ಎಂದು ಬರೆಯುವ ಪದ್ಧತಿಯಿಲ್ಲ. ಆದ್ದರಿಂದ ಈ ಲೇಖನದ ಉದ್ದಕ್ಕೂ ‘ನಾವು’ ಎಂದಿರುವುದನ್ನು ಓದುಗರು ಮನ್ನಿಸಬೇಕು. ಅದರಲ್ಲಿ ದೊಡ್ಡಸ್ತಿಕೆ ಏನೂ ಇಲ್ಲ. ಮುಂದೆ ಹೇಳಲಿರುವ ತಪ್ಪು ಮಾತ್ರ ಪೂರ್ತಿಯಾಗಿ ನಮ್ಮದೇ.

ಡೊಂಬಿವಲಿಯ ನಮ್ಮ ಮನೆಗೆ ಆ ಯಂತ್ರ ಬಂದದ್ದು 2022ರ ಮಳೆಗಾಲದಲ್ಲಿ. ಕಛೇರಿಯ ಹಿರಿಯರೊಬ್ಬರು ಸಹ್ಯಾದ್ರಿಯ ಕೋಟೆಗಳನ್ನೆಲ್ಲ ಹತ್ತಿ ಇಳಿದು ಮೊಣಕಾಲು ಸವೆಸಿಕೊಂಡು ನಿವೃತ್ತರಾದರು. ಊರಿಗೆ ಹೊರಡುವ ಮುನ್ನ ತಮ್ಮ ಕೈಯಲ್ಲಿ ಹಿಡಿಯುವ ಜಿ.ಪಿ.ಎಸ್. ಪೆಟ್ಟಿಗೆಯನ್ನು ನಮಗೆ ಎರಡೂವರೆ ಸಾವಿರಕ್ಕೆ ಕೊಟ್ಟರು. ಸಾಬೂನಿನ ಗಾತ್ರ, ಕಪ್ಪು–ಬಿಳುಪಿನ ಪುಟ್ಟ ಪರದೆ, ಬೆನ್ನಿನಲ್ಲಿ ಎರಡು ಪೆನ್ಸಿಲ್ ಸೆಲ್ಲು. ವೈದ್ಯರು ‘ಸಕ್ಕರೆ ಗಡಿಯಲ್ಲಿದೆ, ನಡೆಯಿರಿ’ ಎಂದಿದ್ದರಿಂದ ನಾವೂ ಆಗಷ್ಟೇ ಗುಡ್ಡ ಹತ್ತಲು ಶುರುಮಾಡಿದ್ದೆವು.

‘ಇದೆಲ್ಲಾ ಫೋನಿನಾಗ ಇಲ್ಲೇನ್ರೀ?’ ಎಂದು ನಮ್ಮ ಮನೆಯವರು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಫೋನಿನಲ್ಲಿ ಇದೆ, ಆದರೆ ಗುಡ್ಡದ ಮೇಲೆ ಮಳೆಯಲ್ಲಿ ಒದ್ದೆ ಬೆರಳಿಗೆ ಫೋನಿನ ಪರದೆ ಓಗೊಡುವುದಿಲ್ಲ, ಮಧ್ಯಾಹ್ನದ ಹೊತ್ತಿಗೆ ಅದರ ಬ್ಯಾಟರಿ ಸತ್ತಿರುತ್ತದೆ. ಇದಕ್ಕಾದರೋ ಮೂಲೆಯಂಗಡಿಯ ಸೆಲ್ಲು ಹಾಕಿದರೆ ಸಾಕು. ಹೀಗೆಲ್ಲ ಹೇಳಿದೆವು. ನಿಜವಾದ ಕಾರಣ ಬೇರೆ ಇತ್ತು. ಧಾರವಾಡದಲ್ಲಿ ಭೌತಶಾಸ್ತ್ರ ಓದಿ ಬಿ.ಎಸ್ಸಿ. ಮಾಡಿದ ನಾವು, ಆ ಮೇಲಿನ ಇಪ್ಪತ್ತೆರಡು ವರ್ಷದಲ್ಲಿ ಆ ಪದವಿಯನ್ನು ಉಪಯೋಗಿಸಿದ್ದು ಅರ್ಜಿಯ ‘ವಿದ್ಯಾರ್ಹತೆ’ ಎಂಬ ಕಾಲಮಿನಲ್ಲಿ ಮಾತ್ರ. ಹನ್ನೊಂದನೆಯ ತರಗತಿಯ ವಿಜ್ಞಾನ ವಿಭಾಗಕ್ಕೆ ಸೇರಿದ್ದ ಮಗನ ಪುಸ್ತಕ ತೆರೆದು ಏನಾದರೂ ಹೇಳಿಕೊಡಹೋದರೆ, ‘ಈಗ ಹಂಗ ಕಲಸೂದಿಲ್ಲ ಅಪ್ಪಾ’ ಎಂದು ಪುಸ್ತಕ ಮುಚ್ಚುತ್ತಿದ್ದ. ಈ ಪೆಟ್ಟಿಗೆಯ ಮುಂದಾದರೂ ಅವನನ್ನು ಕೂರಿಸಬಹುದೆಂದು ಆಸೆ.

ಕೂತ. ಮೊದಲ ಸಂಜೆ ಗ್ಯಾಲರಿಯಲ್ಲಿ ಯಂತ್ರವನ್ನು ಚಾಲೂ ಮಾಡಿ ಕಾದೆವು, ಕಾದೆವು. ಐದು ನಿಮಿಷವಾದರೂ ಅದು ಆಕಾಶ ಹುಡುಕುತ್ತಲೇ ಇತ್ತು. ಬಹಳ ದಿನ ಮಲಗಿದ್ದ ಯಂತ್ರಕ್ಕೆ ಯಾವ ಉಪಗ್ರಹ ಎಲ್ಲಿದೆ ಎಂಬ ಪಂಚಾಂಗವೇ ಹಳತಾಗಿರುತ್ತದೆ. ಹೊಸ ಪಂಚಾಂಗ ಪೂರ್ತಿ ಇಳಿಯಲು ಹನ್ನೆರಡೂವರೆ ನಿಮಿಷ ಬೇಕು. ಅದರಲ್ಲೂ ನಮ್ಮ ಗ್ಯಾಲರಿಗೆ ಕಾಣುವುದು ಎದುರಿನ ಕಟ್ಟಡ ಬಿಟ್ಟುಕೊಟ್ಟಷ್ಟು ಆಕಾಶ. ಕೊನೆಗೆ ನೆಲೆ ಸಿಕ್ಕಿದಾಗ, ಮೂರನೆಯ ಮಹಡಿಯಲ್ಲಿ ನಿಂತಿದ್ದ ನಮ್ಮನ್ನು ಅದು ಸಮುದ್ರಮಟ್ಟಕ್ಕಿಂತ ಆರು ಮೀಟರು ಕೆಳಗೆ ತೋರಿಸಿತು. ಮಗ ಬಿದ್ದುಬಿದ್ದು ನಕ್ಕ. ಎತ್ತರ ಹೇಳುವುದರಲ್ಲಿ ಇದು ಸ್ವಲ್ಪ ಮೊದ್ದು ಎಂದು ಆಮೇಲೆ ತಿಳಿಯಿತು.

‘ಇದಕ್ಕ ಹ್ಯಾಂಗ ಗೊತ್ತಾಗತದ?’ ಎಂದು ಅವನೇ ಕೇಳಿದ. ನಾವು ಕಾದಿದ್ದೇ ಆ ಪ್ರಶ್ನೆಗೆ. ಊರಲ್ಲಿ ಮಿಂಚು ಕಂಡಮೇಲೆ ಗುಡುಗು ಕೇಳುವವರೆಗೆ ನಮ್ಮ ಅಜ್ಜ ಒಂದು, ಎರಡು ಎಂದು ಎಣಿಸಿ, ಸಿಡಿಲು ಎಷ್ಟು ದೂರದಲ್ಲಿ ಬಿತ್ತೆಂದು ಹೇಳುತ್ತಿದ್ದರು. ಇದೂ ಅದೇ. ಭೂಮಿಯಿಂದ ಸುಮಾರು 20,200 ಕಿಲೋಮೀಟರು ಮೇಲೆ, ಕಡಿಮೆಯೆಂದರೆ 24 ಉಪಗ್ರಹಗಳು ದಿನಕ್ಕೆರಡು ಬಾರಿ ಭೂಮಿಯನ್ನು ಸುತ್ತುತ್ತ, ‘ಈಗ ಗಂಟೆ ಇಷ್ಟು’ ಎಂದು ಒಂದೇ ಸಮನೆ ಕೂಗುತ್ತಿರುತ್ತವೆ. ಆ ಕೂಗು ತಲೆಯ ಮೇಲಿನಿಂದ ನಮ್ಮ ಕೈಗೆ ಬರಲು ಒಂದು ಸೆಕೆಂಡಿನ ಹದಿನೈದನೆಯ ಒಂದು ಪಾಲು ಹಿಡಿಯುತ್ತದೆ. ತಡವೆಷ್ಟು ಎಂದು ಗೊತ್ತಾದರೆ ದೂರವೆಷ್ಟು ಎಂದು ಗೊತ್ತಾಯಿತು. ಧಾರವಾಡದಿಂದ 20 ಕಿಲೋಮೀಟರು ಎಂದರೆ ಹುಬ್ಬಳ್ಳಿಯೂ ಆಗಬಹುದು, ಇನ್ನೊಂದು ದಿಕ್ಕಿನ ಯಾವುದೋ ಹೊಲವೂ ಆಗಬಹುದು. ಇನ್ನೂ ಎರಡು ಊರುಗಳಿಂದ ದೂರ ಹೇಳಿದರೆ ಜಾಗ ಒಂದೇ. ಕಾಗದದ ಮೇಲೆ ಕೈವಾರದಿಂದ ವೃತ್ತ ಎಳೆದು ತೋರಿಸಿದೆವು.

‘ಹಂಗಾದ್ರ ಮೂರು ಸಾಕಲ್ಲ, ನಾಕು ಉಪಗ್ರಹ ಯಾಕ ಬೇಕು?’

ಉಪಗ್ರಹದಲ್ಲಿರುವುದು ಪರಮಾಣು ಗಡಿಯಾರ, ನಮ್ಮ ಪೆಟ್ಟಿಗೆಯಲ್ಲಿರುವುದು ಅಗ್ಗದ ಗಡಿಯಾರ. ಒಂದು ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲು ತಪ್ಪಿದರೂ ದೂರದಲ್ಲಿ 300 ಮೀಟರು ತಪ್ಪುತ್ತದೆ. ಆ ಅಗ್ಗದ ಗಡಿಯಾರವನ್ನು ತಿದ್ದುವುದಕ್ಕೆ ನಾಲ್ಕನೆಯದು. ಐನ್‌ಸ್ಟೈನರ ಲೆಕ್ಕವೂ ಇದರಲ್ಲಿದೆ: ಮೇಲಿನ ಗಡಿಯಾರ ನೆಲದ ಗಡಿಯಾರಕ್ಕಿಂತ ದಿನಕ್ಕೆ 38 ಮೈಕ್ರೋಸೆಕೆಂಡು ಮುಂದೆ ಓಡುತ್ತದೆ; ಅದನ್ನು ಸರಿಪಡಿಸದಿದ್ದರೆ ಒಂದೇ ದಿನದಲ್ಲಿ ಹನ್ನೊಂದು ಕಿಲೋಮೀಟರಿನಷ್ಟು ದೋಷ ಕೂಡಿಕೊಳ್ಳುತ್ತದೆ. ಇದನ್ನು ಹೇಳುವಾಗ ನಮ್ಮ ದನಿ ತುಸು ಏರಿತ್ತೆಂದು ಮನೆಯವರು ಆಮೇಲೆ ಹೇಳಿದರು. 2000ನೆಯ ಇಸವಿಯ ಮೇ ತಿಂಗಳವರೆಗೆ ಅಮೇರಿಕದವರು ಸಾರ್ವಜನಿಕರ ಸಂಕೇತವನ್ನು ಬೇಕೆಂದೇ ಕೆಡಿಸಿ ಬಿಡುತ್ತಿದ್ದರು, ಆಗ ನೂರು ಮೀಟರಿನಷ್ಟು ಎಡವಟ್ಟಾಗುತ್ತಿತ್ತು. (ನಮ್ಮ ಇಸ್ರೋದವರ ನಾವಿಕ್ ಏರ್ಪಾಡಿಗೆ ಬೆಂಗಳೂರಿನ ಹತ್ತಿರದ ಬ್ಯಾಲಾಳಿನಲ್ಲಿ ಕೇಂದ್ರವಿದೆ. ಆದರೆ ನಮ್ಮ ಹಳೆಯ ಪೆಟ್ಟಿಗೆಗೆ ಅದರ ಭಾಷೆ ಬಾರದು.)

ಮಗನಿಗೆ ಆಶ್ಚರ್ಯವಾದದ್ದು ಇನ್ನೊಂದು ಸಂಗತಿ. ಈ ಯಂತ್ರ ಏನನ್ನೂ ಕಳುಹಿಸುವುದಿಲ್ಲ, ರೇಡಿಯೋದ ಹಾಗೆ ಬರೀ ಕೇಳುತ್ತದೆ.

‘ಅಂದ್ರ ನಾವು ಎಲ್ಲೆ ಅದೀವಿ ಅಂತ ಅವಕ್ಕ ಗೊತ್ತೇ ಇಲ್ಲೇನು?’

‘ಇಲ್ಲ. ನಮಗಷ್ಟ ಗೊತ್ತು.’

ಅಭ್ಯಾಸದಲ್ಲಿ ನಾವು ಮಾಡಿದ ಮೊದಲ ತಪ್ಪು ಬಿ.ಎಸ್ಸಿ.ಗೆ ಶೋಭೆ ತರುವಂಥದಲ್ಲ. ಲೋಣಾವಳಾ ಇರುವುದು ಸುಮಾರು 18 ಡಿಗ್ರಿ 45 ಮಿನಿಟು ಉತ್ತರ ಅಕ್ಷಾಂಶದಲ್ಲಿ. ಯಂತ್ರ ದಶಾಂಶದಲ್ಲಿ ಕೇಳುತ್ತಿತ್ತು, ನಾವು 18.45 ಎಂದು ಒತ್ತಿದೆವು. ಅದು 18.75 ಆಗಬೇಕು. 45 ಮಿನಿಟೆಂದರೆ ಮುಕ್ಕಾಲು ಡಿಗ್ರಿಯಲ್ಲವೇ! ಲೋಣಾವಳಾ ಸ್ಟೇಷನ್ನು 33 ಕಿಲೋಮೀಟರು ದಕ್ಷಿಣಕ್ಕೆ ಸರಿದು ತಾಮ್ಹಿಣಿ ಘಾಟಿನ ಕಡೆಯ ಗುಡ್ಡದಲ್ಲಿ ಕೂತಿತು. ಕಂಡುಹಿಡಿದವನು ಮಗ. ಆ ಮೇಲಿಂದ ಅಂಕಿಗಳನ್ನು ನಾವು ಓದುವುದು, ಒತ್ತುವುದು ಅವನು ಎಂದು ಕೆಲಸ ಹಂಚಿಕೊಂಡೆವು.

ಸಪ್ಟೆಂಬರ್ ಕೊನೆಯಲ್ಲಿ, ವಾರದ ನಡುವೆ ಎರಡು ಸಿ.ಎಲ್. ಹಾಕಿ, ತಂದೆ–ಮಗ ರಾಜಮಾಚಿಗೆ ಹೊರಟೆವು. ಲೋಣಾವಳಾದಿಂದ ತುಂಗಾರ್ಲಿ ದಾಟಿ ಉಧೇವಾಡಿ ಎಂಬ ಹಳ್ಳಿಯವರೆಗೆ ಹದಿನೈದು ಕಿಲೋಮೀಟರಿನಷ್ಟು ನಡಿಗೆ. ಅದರ ನೆತ್ತಿಯ ಮೇಲೆ ಶ್ರೀವರ್ಧನ, ಮನರಂಜನ ಎಂಬ ಜೋಡಿ ಕೋಟೆ. ದಾರಿ ಕಷ್ಟದ್ದಲ್ಲ, ಜೀಪು ಹೋಗುವ ಮಣ್ಣಿನ ಹಾದಿ. ಸ್ಟೇಷನ್ನಿನ ಮುಂದೆ ನಿಂತು ‘ಲೋಣಾವಳಾ’ ಎಂದು ಗುರುತು ಹಾಕಿಕೊಂಡೆವು. ಆಮೇಲೆ ಸೆಲ್ಲು ಉಳಿಯಲೆಂದು ಯಂತ್ರ ಆರಿಸಿ ಚೀಲದಲ್ಲಿಟ್ಟೆವು. ಪುಣೆಯ ಕಾಲೇಜು ಹುಡುಗರ ಗುಂಪೊಂದು ಮುಂದೆ ಹಾಡಿಕೊಂಡು ಹೋಗುತ್ತಿತ್ತು. ಅವರ ಬೆನ್ನು ನೋಡುತ್ತ ನಡೆದೆವು. ದಾರಿ ಎಲ್ಲಿ ಕವಲೊಡೆಯಿತು, ಎಲ್ಲಿ ತಿರುಗಿತು ಎಂದು ನೋಡಿದವರಾರು? ಸೆಲ್ಲಿನ ಉಳಿತಾಯಕ್ಕೆ ಮಾತ್ರ ಹೆಮ್ಮೆಪಟ್ಟೆವು. ಸರಕಾರಿ ಬುದ್ಧಿ.

ರಾತ್ರಿ ಹಳ್ಳಿಯ ಮನೆಯೊಂದರಲ್ಲಿ ಅಕ್ಕಿಯ ಭಾಕರಿ, ಪಿಠಲ ಉಂಡು ಮಲಗಿದೆವು. ಮರುದಿನ ಶ್ರೀವರ್ಧನ ಹತ್ತಿಳಿದು ಊಟ ಮುಗಿಸಿ ಹೊರಟಾಗ ಒಂದು ಗಂಟೆ. ಹುಡುಗರ ಗುಂಪು ಬೆಳಿಗ್ಗೆಯೇ ಕೊಂಡಾಣೆ ಗವಿಗಳ ಕಡೆ ಇಳಿದುಹೋಗಿತ್ತು. ಈ ಸಲ ಯಂತ್ರ ಚಾಲೂ ಮಾಡಿ, ‘ಲೋಣಾವಳಾ’ ಆರಿಸಿ, ‘ಹೋಗು’ ಎಂಬುದನ್ನು ಒತ್ತಿದೆವು. ಪರದೆಯ ಮೇಲೆ ಕಪ್ಪು ಬಾಣ. ಕೆಳಗೆ 8 ಕಿಲೋಮೀಟರು ಚಿಲ್ಲರೆ. ಹದಿನೈದು ನಡೆದು ಬಂದವರಿಗೆ ಹಿಂದಿರುಗಲು ಎಂಟೇ! ಇದರಲ್ಲಿ ಏನೋ ಇದೆ ಎಂದು ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಅರ್ಧ ಗಂಟೆಯಲ್ಲಿ ಮಂಜು ಇಳಿಯಿತು. ಹತ್ತು ಹೆಜ್ಜೆಯಾಚೆ ಮರವೂ ಇಲ್ಲ, ದಾರಿಯೂ ಇಲ್ಲ. ಒಂದು ಗಂಟೆ ನಡೆದರೂ ಎಂಟು ಕಿಲೋಮೀಟರು ಅರ್ಧವೂ ಕಮ್ಮಿಯಾಗಲಿಲ್ಲ, ಏಕೆಂದರೆ ದಾರಿ ಎಡಕ್ಕೆ ಎಡಕ್ಕೆ ಸರಿಯುತ್ತಿತ್ತು, ಬಾಣ ಬಲಕ್ಕೆ ತೋರುತ್ತಿತ್ತು. ಬಲಕ್ಕೊಂದು ಕಾಲುಹಾದಿ ಕಂಡಿತು. ‘ಇದ ಅಡ್ಡದಾರಿ’ ಎಂದೆವು.

‘ಅಪ್ಪಾ, ಬರೂವಾಗ ನಾವು ಇಂಥಾ ಹಾದಿ ಬಿಟ್ಟು ಇಳದಿದ್ದಿಲ್ಲ.’

‘ಯಂತ್ರ ಸುಳ್ಳ ಹೇಳತದೇನು? ನಾಕು ಉಪಗ್ರಹ ಅಲ್ಲ, ಒಂಬತ್ತು ಸಿಕ್ಕಾವ ನೋಡು.’

ಯಂತ್ರ ಸುಳ್ಳು ಹೇಳಿರಲಿಲ್ಲ. ಲೋಣಾವಳಾ ನಿಜಕ್ಕೂ ಆ ದಿಕ್ಕಿನಲ್ಲೇ, ಅಷ್ಟೇ ದೂರದಲ್ಲೇ ಇತ್ತು. ನಡುವೆ ಉಲ್ಹಾಸ್ ನದಿಯ ಕಣಿವೆ ಇತ್ತು, ಅಷ್ಟೇ. ಬಾಣ ಎಳೆಯುವ ಗೆರೆ ಕಾಗೆ ಹಾರುವ ದಾರಿ.

ಇಪ್ಪತ್ತು–ಇಪ್ಪತ್ತೈದು ನಿಮಿಷ ಇಳಿದೆವು. ಕಾಲುಹಾದಿ ಹುಲ್ಲಿನಲ್ಲಿ ಕರಗಿತು. ಎಲ್ಲೋ ನೀರು ಬೀಳುವ ಸದ್ದು. ಹಳ್ಳ ದಾಟಬೇಕಾದೀತು ಎಂದುಕೊಂಡೆವು. ನಮ್ಮ ಕಣ್ಣು ಪರದೆಯ ಮೇಲೆ. ಹಿಂದಿನಿಂದ ಚೀಲದ ಪಟ್ಟಿ ಬಿಗಿಯಾಗಿ ಎಳೆದಂತಾಯಿತು.

‘ಅಪ್ಪಾ, ನಿಂದರ್ರಿ.’

ನಿಂತೆವು. ಅವನ ದನಿ ಬೇರೆಯಾಗಿತ್ತು. ಆಗ ಕೇಳಿಸಿತು: ನೀರಿನ ಸದ್ದು ಮುಂದಿನಿಂದ ಬರುತ್ತಿರಲಿಲ್ಲ, ಪಾದದ ಕೆಳಗಿನಿಂದ ಬರುತ್ತಿತ್ತು. ಮಗ ಒಂದು ಕಲ್ಲನ್ನು ಮುಂದಕ್ಕೆ ಉರುಳಿಸಿದ. ಅದು ಹುಲ್ಲಿನಲ್ಲಿ ಸರಸರ ಎಂದಿತು. ಆಮೇಲೆ ಏನೂ ಕೇಳಲಿಲ್ಲ. ನಾವು ಮನಸ್ಸಿನಲ್ಲೇ ಅಜ್ಜನ ಹಾಗೆ ಎಣಿಸುತ್ತಿದ್ದೆವು. ಎಣಿಕೆ ಮುಗಿಯಲಿಲ್ಲ.

ಈಗ ಹಿಂದಿರುಗಬೇಕು, ಎತ್ತ? ಗಾಬರಿಯಲ್ಲಿ ಒಂದೆರಡು ಸಲ ಸುತ್ತ ತಿರುಗಿದ್ದೆವು. ಆ ಅಗ್ಗದ ಯಂತ್ರದಲ್ಲಿ ದಿಕ್ಸೂಚಿಯ ಮುಳ್ಳಿಲ್ಲ. ನಡೆಯುತ್ತಿದ್ದರೆ ಮಾತ್ರ, ಹಿಂದಿನ ನೆಲೆಯನ್ನೂ ಈಗಿನ ನೆಲೆಯನ್ನೂ ಹೋಲಿಸಿ, ಇಂಥ ಕಡೆ ಮುಖಮಾಡಿದ್ದೀಯೆ ಎಂದು ಅದು ಊಹಿಸುತ್ತದೆ. ನಿಂತರೆ ಬಾಣ ಹುಚ್ಚಾಗಿ ತಿರುಗುತ್ತದೆ. ದಿಕ್ಕು ತಿಳಿಯಬೇಕಾದರೆ ಹತ್ತು ಹೆಜ್ಜೆ ನಡೆಯಬೇಕು, ನಡೆಯಬೇಕಾದರೆ ದಿಕ್ಕು ತಿಳಿಯಬೇಕು. ಅದೇ ಹೊತ್ತಿಗೆ ಪರದೆಯ ಮೇಲೆ ಸೆಲ್ಲು ಮುಗಿಯುತ್ತಿದೆ ಎಂಬ ಸೂಚನೆ. ಬಿಡಿ ಸೆಲ್ಲು ಚೀಲದಲ್ಲಿತ್ತು, ಆದರೆ ಸೆಲ್ಲು ತೆಗೆದರೆ ಯಂತ್ರ ಎಲ್ಲವನ್ನೂ ಮರೆತುಬಿಟ್ಟರೆ? ನಮ್ಮ ಕೈ ನಡುಗುತ್ತಿತ್ತು. ಮಗ ಪೆಟ್ಟಿಗೆ ತೆಗೆದುಕೊಂಡು ಸೆಲ್ಲು ಬದಲಿಸಿದ. ಅದು ಮತ್ತೆ ಆಕಾಶ ಹುಡುಕಿದ್ದು ಒಂದೇ ನಿಮಿಷ. ಆ ನಿಮಿಷದಲ್ಲಿ ‘ನಮಗಷ್ಟ ಗೊತ್ತು’ ಎಂದು ಗ್ಯಾಲರಿಯಲ್ಲಿ ಹೇಳಿದ್ದು ನೆನಪಾಯಿತು. ಈಗ ನಮಗೂ ಗೊತ್ತಿರಲಿಲ್ಲ.

ಪರದೆ ಬೆಳಗಿತು. ಉಧೇವಾಡಿಯಿಂದ ಈ ಅಂಚಿನವರೆಗೆ ನಾವು ಬಂದ ದಾರಿ ಅಲ್ಲಿ ಸಣ್ಣ ಗೆರೆಯಾಗಿ ಉಳಿದಿತ್ತು; ಯಂತ್ರ ಮರೆತಿರಲಿಲ್ಲ. ಆ ಗೆರೆ ತೋರಿಸುವ ಪುಟ ಇರುವುದೇ ನಮಗೆ ತಿಳಿದಿರಲಿಲ್ಲ, ಮಗನಿಗೆ ತಿಳಿದಿತ್ತು. ಅವನು ಬಗ್ಗಿ, ನಮ್ಮ ಕಾಲಿಗೆ ಮಲಗಿದ್ದ ಒದ್ದೆ ಹುಲ್ಲನ್ನು ಕೈಯಿಂದ ತಡವುತ್ತ, ಆ ಜಾಡಿನ ಮೇಲೆಯೇ ಹತ್ತು ಹೆಜ್ಜೆ ಇಟ್ಟ. ಬಾಣ ನಿಂತಿತು. ಅಲ್ಲಿಂದ ಗೆರೆಯ ಮೇಲೆ ಗೆರೆ ಬರುವ ಹಾಗೆ ಹತ್ತಿದೆವು. ಅವನು ಮುಂದೆ, ನಾವು ಅವನ ಚೀಲದ ಪಟ್ಟಿ ಹಿಡಿದು ಹಿಂದೆ.

ಜೀಪಿನ ಹಾದಿಗೆ ಬಂದಾಗ ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದ ಮುದುಕರೊಬ್ಬರು ನಿಂತು ನೋಡಿದರು. ಆ ಕಡೆ ಮಳೆಗಾಲದಲ್ಲಿ ದನವೂ ಹೋಗುವುದಿಲ್ಲ ಎಂದು ಮರಾಠಿಯಲ್ಲಿ ಹೇಳಿ ನಡೆದರು. ತುಂಗಾರ್ಲಿ ಮುಟ್ಟಿದಾಗ ಕತ್ತಲಾಗಿತ್ತು. ಗಾಡಿಯಲ್ಲಿ ಕಲ್ಯಾಣದವರೆಗೆ ತಂದೆ–ಮಗ ಮಾತಾಡಲಿಲ್ಲ. ಮನೆಯಲ್ಲಿ ಹೇಳುವುದು ಬೇಡವೆಂದು ಒಬ್ಬರಿಗೊಬ್ಬರು ಹೇಳಿಕೊಳ್ಳಲೂ ಇಲ್ಲ, ಮನೆಯಲ್ಲಿ ಹೇಳಲೂ ಇಲ್ಲ.

ಆದರೆ ಯಂತ್ರ ಬರೆದಿಟ್ಟಿತ್ತಲ್ಲ. ಮುಂದಿನ ಭಾನುವಾರ ಮಗ ಅದನ್ನು ಕಂಪ್ಯೂಟರಿಗೆ ಜೋಡಿಸಿ ಆ ಗೆರೆಯನ್ನು ನಕಾಶೆಯ ಮೇಲೆ ಹರಡಿ ನೋಡುತ್ತಿದ್ದ. ಚಹಾ ತಂದ ನಮ್ಮ ಮನೆಯವರು ಹಿಂದೆ ನಿಂತು ನೋಡಿದರು. ಅವರು ಬಿ.ಎಸ್ಸಿ. ಅಲ್ಲ. ಆದರೆ ದಾರಿ ಬಿಟ್ಟು ಬಲಕ್ಕೆ ಹೊರಟ ಎಳೆಯೊಂದು, ಎತ್ತರದ ಗೆರೆಗಳೆಲ್ಲ ಒಂದಕ್ಕೊಂದು ಅಂಟಿ ಕಪ್ಪಾದ ಜಾಗದ ತನಕ ಹೋಗಿ ಅಲ್ಲೇ ಮಡಚಿ ಹಿಂದಿರುಗಿದ್ದು ಯಾರಿಗಾದರೂ ಕಾಣುವಂತಿತ್ತು.

‘ಇಲ್ಲೆ ಯಾಕ ಹೋಗಿದ್ರಿ?’

‘ಅಲ್ಲೆ ನೋಡಾಕ ಭಾಳ ಚಲೋ ಇತ್ತವ್ವಾ’ ಎಂದ ಮಗ. ನಮ್ಮನ್ನು ಉಳಿಸಲು ಹಾಗೆಂದ ಎಂಬುದೇ ನಮಗೆ ತಡೆಯಲಾಗಲಿಲ್ಲ. ಕೂತು ಇದ್ದದ್ದನ್ನೆಲ್ಲ ಹೇಳಿದೆವು. ಅವರು ಕೊನೆಯವರೆಗೂ ಕೇಳಿ, ಆರಿದ ಚಹಾ ಮತ್ತೆ ಬಿಸಿಮಾಡಲು ಒಳಗೆ ಹೋದರು. ಎರಡು ದಿನ ಆ ಮಾತೇ ಎತ್ತಲಿಲ್ಲ. ಮೂರನೆಯ ದಿನ, ‘ಮುಂದಿನ ಸಲ ನಾನೂ ಬರತೇನಿ’ ಎಂದರು.

ಡಿಸೆಂಬರಿನಲ್ಲಿ ಮೂವರೂ ಹೋದೆವು. ಯಂತ್ರ ಸ್ಟೇಷನ್ನಿನಿಂದಲೇ ಚಾಲೂ. ಆರು ಸೆಲ್ಲು ಬಿಡಿ. ಮಗನ ಕೊರಳಲ್ಲಿ ನೂರೈವತ್ತು ರೂಪಾಯಿಯ ದಿಕ್ಸೂಚಿ. ಪ್ರತಿ ಕವಲಿನಲ್ಲೂ ನಿಂತು ಗುರುತು ಹಾಕಿದೆವು. ಯಂತ್ರಕ್ಕೆ ಕನ್ನಡದ ಲಿಪಿ ಬಾರದಿದ್ದರಿಂದ ಇಂಗ್ಲಿಷಿನ ಅಕ್ಷರಗಳಲ್ಲಿ ‘ಜೋಡಿಮರ’, ‘ಕರಿಗುಂಡು’ ಎಂದು ಮಗ ಹೆಸರಿಟ್ಟ. ಆ ಕಾಲುಹಾದಿ ಬಂತು. ಆಕಾಶ ತೊಳೆದಿಟ್ಟಂತಿತ್ತು, ಬಲಗಡೆಯ ಕಣಿವೆ ತಳದವರೆಗೂ ಕಾಣುತ್ತಿತ್ತು, ಆಚೆ ದಂಡೆಯಲ್ಲಿ ಖಂಡಾಲಾ ಕಡೆಯ ಕಟ್ಟಡಗಳು. ನಮ್ಮ ಮನೆಯವರು ಸ್ವಲ್ಪ ಹೊತ್ತು ಅದನ್ನೇ ನೋಡಿದರು. ಆಮೇಲೆ ಮಗನ ಕೈಯಿಂದ ಯಂತ್ರ ತೆಗೆದುಕೊಂಡು, ಗುರುತು ಹಾಕುವ ಗುಂಡಿ ಯಾವುದೆಂದು ಕೇಳಿ, ತಾವೇ ಒತ್ತಿದರು.

‘ಹೆಸರು ಏನಂತ ಹಾಕಲಿ?’ ಎಂದ ಮಗ.

‘ಇಲ್ಲಿ ಬ್ಯಾಡ ಅಂತ ಹಾಕು’ ಎಂದರು.