ಬೀಳುವ ವಿದ್ಯೆ

ನಮ್ಮ ತಿಪಟೂರಿನಲ್ಲಿ ಉಂಡೆ ಕೊಬ್ಬರಿಯ ವಿಷಯದಲ್ಲಿ ಅವಸರ ನಡೆಯದು. ಕಾಯಿಯನ್ನು ಅಟ್ಟಕ್ಕೇರಿಸಿ ಎಂಟು ಹತ್ತು ತಿಂಗಳು, ಕೆಲವೊಮ್ಮೆ ವರ್ಷವೇ ಕಾಯಬೇಕು. ನೀರೆಲ್ಲ ಇಂಗಿ, ಅಲುಗಿಸಿದರೆ ಒಳಗೆ ಗುಡುಗುಡು ಎನ್ನಬೇಕು. ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳಲ್ಲಿಯೂ ಇದೇ ಲೆಕ್ಕ. ಆ ಲೆಕ್ಕದಲ್ಲಿಯೇ ಬಾಳಿದವನು ನಾನು. 1994ರಲ್ಲಿ, ಹೈಸ್ಕೂಲಿನಲ್ಲಿದ್ದ ಮಗಳು ಬೆಂಗಳೂರಿನ ಜೂಡೋ ಶಿಬಿರಕ್ಕೆ ಹೋಗುವೆನೆಂದಾಗಲೂ, “ಮುಂದಿನ ವರ್ಷ ನೋಡೋಣಮ್ಮ” ಎಂದುಬಿಟ್ಟೆ. ಗರಡಿಯ ಆಟ ಹೆಣ್ಣುಮಗುವಿಗೇಕೆ, ಕೈಕಾಲು ಮುರಿದರೆ ಗತಿಯೇನು ಎಂಬುದು ಒಳಗಿನ ಮಾತು. 1992ರ ಬಾರ್ಸಿಲೋನಾ ಒಲಿಂಪಿಕ್ಸಿನಲ್ಲಿಯೇ ಹೆಂಗಸರು ಜೂಡೋದಲ್ಲಿ ಪದಕ ಪಡೆದಿದ್ದರೆಂಬುದನ್ನು ನಾನು ಬಲ್ಲವನಾಗಿರಲಿಲ್ಲ. ಮಗಳು ಎರಡನೆಯ ಬಾರಿ ಕೇಳಲಿಲ್ಲ. ಕಾಲಕ್ಕೆ ಮದುವೆಯಾಗಿ ಮೈಸೂರು ಸೇರಿದಳು.

2018ರ ಆಗಸ್ಟಿನಲ್ಲಿ ಒಂದು ಬೆಳಗ್ಗೆ ಪತ್ರಿಕೆ ಬಿಡಿಸಿದರೆ ಬೆಳಗಾವಿಯ ಮಲಪ್ರಭಾ ಜಾಧವ್ ಎಂಬಾಕೆಯ ಚಿತ್ರ. ಜಕಾರ್ತಾದ ಏಷ್ಯನ್ ಕ್ರೀಡಾಕೂಟದಲ್ಲಿ, ಕುರಾಶ್ ಪಂದ್ಯದ 52 ಕಿಲೋ ವಿಭಾಗದಲ್ಲಿ ಕಂಚು! ರೈತನ ಮಗಳು, ಜೂಡೋ ಕಲಿತು ಕುರಾಶಿಗೆ ಹೊರಳಿದವಳು. ಈ ಕುರಾಶ್ ಉಜ್ಬೆಕಿಸ್ತಾನದ ಸೀಮೆಯ ಹಳೆಯ ಕುಸ್ತಿ. ಏಷ್ಯನ್ ಕೂಟಕ್ಕೆ ಅದು ಕಾಲಿಟ್ಟಿದ್ದೇ ಆ ವರ್ಷ. ಜೂಡೋದಲ್ಲಾದರೆ ಎದುರಾಳಿಯನ್ನು ಕೆಡವಿದ ಮೇಲೆ ಅದುಮಿ ಹಿಡಿಯುವುದುಂಟು, ತೋಳನ್ನು ಮಡಿಸಿ ಶರಣಾಗಿಸುವುದೂ ಉಂಟು. ಕುರಾಶಿನಲ್ಲಿ ಎಲ್ಲವನ್ನೂ ನಿಂತೇ ತೀರಿಸಬೇಕು. ಮೊಣಕಾಲು ನೆಲ ಸೋಕಿತೆಂದರೆ ತಡೆದು ಎಬ್ಬಿಸುತ್ತಾರೆ. ಸೊಂಟದ ಕೆಳಗೆ ಕೈ ಹಾಕುವಂತಿಲ್ಲ. ಕಲಿತ ವಿದ್ಯೆಯಲ್ಲಿ ಅರ್ಧವನ್ನು ಬದಿಗಿಟ್ಟು ಕಾದಾಡುವುದು ಸಾಮಾನ್ಯವಲ್ಲವೆಂದೇ ನನ್ನ ಎಣಿಕೆ. ಆಕೆ ಸೆಮಿಫೈನಲ್ಲಿನಲ್ಲಿ ಉಜ್ಬೆಕಿಸ್ತಾನದವಳಿಗೆ ಸೋತಳು. ಅದೇ ವಿಭಾಗದ ಬೆಳ್ಳಿ ದೆಹಲಿಯ ಪಿಂಕಿ ಬಲ್ಹಾರಾಗೆ ಸಂದಿತು.

ಸಂಜೆ ಮಗಳ ಫೋನು ಬಂದಿತು. “ಪೇಪರ್ ನೋಡಿದಿರಾ, ಅಪ್ಪ?”

“ನೋಡಿದೆನಮ್ಮ.”

ಮುಂದೆ ಇಬ್ಬರಿಗೂ ಮಾತು ಹೊರಡಲಿಲ್ಲ. ಮಳೆಯ ವಿಚಾರ ಕೇಳಿ ಫೋನು ಇಟ್ಟಳು.

ಮರುವರ್ಷದ ಬೇಸಿಗೆ ರಜಕ್ಕೆ ಮೊಮ್ಮಗಳು ಬಂದಳು. ಮೈಸೂರಿನಲ್ಲಿ ಜೂಡೋ ತರಗತಿಗೆ ಸೇರಿದ್ದಳಂತೆ. ಪಡಸಾಲೆಯಲ್ಲಿ ಎರಡು ಹಾಸಿಗೆ ಹಾಸಿ, ನಿಂತಲ್ಲಿಂದಲೇ ಹಿಂದಕ್ಕೆ ಧೊಪ್ಪನೆ ಬಿದ್ದಳು. ಅಟ್ಟದಿಂದ ಕಾಯಿ ಉರುಳಿತೆಂದು ನನ್ನಾಕೆ ಸೌಟು ಹಿಡಿದೇ ಓಡಿಬಂದಳು!

“ಮೊದಲು ಕಲಿಸೋದೇ ಬೀಳೋದನ್ನ, ತಾತ. ಗದ್ದ ಎದೆಗೆ ಒತ್ತಿಕೋಬೇಕು. ಕೈ ನೆಲಕ್ಕೆ ಬಡೀಬೇಕು. ಆಗ ತಲೆಗೆ ಪೆಟ್ಟಾಗಲ್ಲ.”

ಯಾವುದಕ್ಕೆ ಅಂಜಿ ಮಗಳನ್ನು ತಡೆದಿದ್ದೆನೋ ಅದಕ್ಕೆ ಮದ್ದು ಮೊದಲ ಪಾಠದಲ್ಲಿಯೇ ಇದ್ದಿತು.

ಬಾಗಿಲಲ್ಲಿ ನಿಂತಿದ್ದ ಮಗಳು ಸೆರಗು ಸಿಕ್ಕಿಸಿಕೊಂಡು ಬಂದು, ಹುಡುಗಿಯ ತೋಳನ್ನು ಹಿಡಿದು ಮೈಗೆ ಇನ್ನಷ್ಟು ಹತ್ತಿರಕ್ಕೆ ತಂದಳು. “ಇಷ್ಟು ಓರೆಯಾಗಿರಲಿ. ದೂರ ಚಾಚಿದರೆ ಭುಜ ನೋಯುತ್ತೆ.”

“ನಿನಗೆ ಹೇಗಮ್ಮ ಗೊತ್ತು?” ಎಂದೆ.

“ಶಿಬಿರಕ್ಕೆ ಆರಿಸಿದ ಮೇಲೆ ಶಾಲೆಯಲ್ಲಿ ಎರಡು ದಿನ ಹೇಳಿಕೊಟ್ಟಿದ್ದರಲ್ಲ, ಅಪ್ಪ.”

ಅವಳನ್ನು ಆರಿಸಿದ್ದರೆಂಬುದೇ ನನಗೆ ತಿಳಿದಿರಲಿಲ್ಲ. ಅಂದು ನಾನು ಕೇಳಿಯೂ ಇರಲಿಲ್ಲ.