ಅರ್ಜುನ ಆಡಿದ ಮಾತು

ಇರುವೆಯಷ್ಟು ಚಿಕ್ಕವನಾಗಿ ಶತ್ರುಗಳನ್ನು ಸದೆಬಡಿಯುವ ಆಂಟ್-ಮ್ಯಾನ್‌ನನ್ನು ಚಾಮರಾಜನಗರದ ನಮ್ಮ ಓಣಿಯ ಹುಡುಗರೂ ಬಲ್ಲರು. ಕಾಮಿಕ್ಸ್‌ನಲ್ಲಿ ಮೊದಲು ಆ ವೇಷ ತೊಟ್ಟವನು ಹ್ಯಾಂಕ್ ಪಿಮ್ ಎಂಬ ವಿಜ್ಞಾನಿ. 1981ರ ಒಂದು ಸಂಚಿಕೆಯಲ್ಲಿ ಅವನು ಹೆಂಡತಿ ಜಾನೆಟ್‌ಳಿಗೆ ಹೊಡೆಯುತ್ತಾನೆ. 2015ರಲ್ಲಿ ಸಿನಿಮಾ ಬಂದಾಗ ಆ ಏಟು ಮಾಯವಾಗಿತ್ತು. ಅಲ್ಲಿನ ಪಿಮ್, ಪತ್ನಿಯನ್ನು ಕಳೆದುಕೊಂಡು ಕೊರಗುವ ಮರ್ಯಾದಸ್ಥ ಮುದುಕ. ಮಕ್ಕಳು ನೋಡುವ ಚಿತ್ರದಲ್ಲಿ ಅದೆಲ್ಲ ಯಾಕೆ ಎನ್ನುವವರಿದ್ದಾರೆ. ಅವರ ಆತಂಕ ಸುಳ್ಳಲ್ಲ.

ಆದರೆ ನಮಗೆ ನೆನಪಾಗುವುದು ಹುಣಸೂರು ಕೃಷ್ಣಮೂರ್ತಿಯವರ ‘ಬಭ್ರುವಾಹನ’. 1977ರ ಚಿತ್ರ. ಅಶ್ವಮೇಧದ ಕುದುರೆಯ ಹಿಂದೆ ಬಂದ ಅರ್ಜುನ, ವಿನಯದಿಂದ ಎದುರು ನಿಂತ ಸ್ವಂತ ಮಗನನ್ನು ಮಗನೆಂದು ಒಪ್ಪುವುದಿಲ್ಲ. ಚಿತ್ರಾಂಗದೆಯ ಶೀಲವನ್ನೇ ಹಳಿಯುತ್ತಾನೆ. ಲಕ್ಷ್ಮೀಶ ಕವಿ ‘ಜೈಮಿನಿ ಭಾರತ’ದಲ್ಲಿ ಹೇಳಿದ ಕಥೆಯಿದು. ಸಿನಿಮಾದವರು ಅದನ್ನು ಸೋಸಿ ತೆಗೆಯಬಹುದಿತ್ತು, ತೆಗೆಯಲಿಲ್ಲ. ಅದೂ ರಾಜಕುಮಾರ್ ಎಂಬ ನಟನಿಂದ! ತೆರೆಯ ಮೇಲೆ ಅವರು ಕುಡಿತ, ಸಿಗರೇಟುಗಳನ್ನು ಮೆರೆಸಲಿಲ್ಲವೆಂದು ಹೆಮ್ಮೆಪಡುವ ಸೀಮೆ ನಮ್ಮದು. ಅವರ ಗಾಜನೂರು ಇಲ್ಲೇ ಗಡಿಯಾಚೆ, ತಾಳವಾಡಿ ಕಡೆ ಇದೆ. ಅರ್ಜುನನೂ ಅವರೇ, ಬಭ್ರುವಾಹನನೂ ಅವರೇ. ಬೈಯುವ ಬಾಯಿ, ಬೈಸಿಕೊಂಡು ಕೆರಳುವ ಮುಖ ಎರಡೂ ಒಂದೇ.

ಬಿಡುಗಡೆಯಾಗಿ ಎಷ್ಟೋ ವರ್ಷಗಳ ಮೇಲೆ ಗುಂಡ್ಲುಪೇಟೆಯ ಟೆಂಟಿನಲ್ಲಿ, ಹೆಂಗಸರ ಕಡೆ ಅಮ್ಮಿಯ ಪಕ್ಕ ಮರಳಲ್ಲಿ ಕುಳಿತು ನಾವು ಅದನ್ನು ನೋಡಿದೆವು. ಗಂಡ ಬಿಟ್ಟುಹೋದ ಖಾಲಾ ಒಬ್ಬರು ನಮ್ಮೊಂದಿಗೆ ಬಂದಿದ್ದರು. ಅವರ ಕನ್ನಡ ಅಷ್ಟಕ್ಕಷ್ಟೆ. ಆದರೂ ಅರ್ಜುನ ಆಡಿದ್ದೇನೆಂದು ಯಾರೂ ಉರ್ದುವಿನಲ್ಲಿ ಬಿಡಿಸಿ ಹೇಳಬೇಕಾಗಲಿಲ್ಲ. ಅದೇ ಮಾತನ್ನು ಅವರು ತಮ್ಮ ಮನೆಯಲ್ಲಿ ಕೇಳಿದ್ದರು. ಪಕ್ಕದಲ್ಲಿದ್ದ ಗುರುತಿಲ್ಲದ ಹೆಂಗಸಿನ ಕೈ ಹಿಡಿದು ಅತ್ತರು. ಮಗನ ಬಾಣಕ್ಕೆ ಅರ್ಜುನ ಉರುಳಿದಾಗ ಗಂಡಸರ ಕಡೆಯಿಂದ ಶಿಳ್ಳೆ ಬಿತ್ತು. ರಾಜಕುಮಾರ್ ಮೇಲೆ ಯಾರಿಗೂ ಅಭಿಮಾನ ಒಂದು ಗುಂಜಿಯಷ್ಟೂ ಕಡಿಮೆಯಾಗಲಿಲ್ಲ.

ವೀರನ ತಪ್ಪನ್ನು ಅಳಿಸಿದರೆ ಅವನ ಜೊತೆ ಇನ್ನೊಬ್ಬರೂ ಅಳಿಸಿಹೋಗುತ್ತಾರೆಂದು ನಮಗನ್ನಿಸುವುದು ಇದಕ್ಕೇ. ಅರ್ಜುನ ಆ ಮಾತನ್ನಾಡದಿದ್ದರೆ ಚಿತ್ರಾಂಗದೆಗೆ ಅಲ್ಲಿ ಕೆಲಸವಿಲ್ಲ. 2015ರ ಚಿತ್ರದಲ್ಲಿ ಜಾನೆಟ್ ಹಳೆಯ ನೆನಪಾಗಿ ಕ್ಷಣಕಾಲ ಬಂದು ಮರೆಯಾಗುತ್ತಾಳೆ. ಎಷ್ಟು ವಯಸ್ಸಿನ ಮಕ್ಕಳಿಗೆ ಎಷ್ಟು ತೋರಿಸಬೇಕೆಂಬುದು ಬೇರೆ ಚರ್ಚೆ, ಅದನ್ನು ತಾಯ್ತಂದೆಯರು ಮಾಡಲಿ.

ಇಂದಿನ ಸಿನಿಮಾಗಳಲ್ಲೂ ನಾಯಕರು ಹೆಣ್ಣಿನ ಕೆನ್ನೆಗೆ ಬಾರಿಸುವುದಿಲ್ಲವೇ, ಬೆನ್ನು ಹತ್ತಿ ಕಾಡುವುದಿಲ್ಲವೇ ಎಂದು ಕೇಳಬಹುದು. ಧಾರಾಳವಾಗಿ ಮಾಡುತ್ತಾರೆ. ಆದರೆ ಅಲ್ಲಿ ಏಟಿನ ಹಿಂದೆಯೇ ಹಿನ್ನೆಲೆ ಸಂಗೀತ ಮೊಳಗುತ್ತದೆ, ಮರುದೃಶ್ಯದಲ್ಲಿ ಆಕೆಯೇ ಅವನನ್ನು ಒಲಿದಿರುತ್ತಾಳೆ. ಬಿಲ್ಲು ಹಿಡಿದು ಎದುರು ನಿಲ್ಲುವ ಮಗ ಮಾತ್ರ ಆ ಕಥೆಗಳಲ್ಲಿ ಹುಟ್ಟುವುದಿಲ್ಲ.