ಬಳ್ಳಾರಿ ಜೀನ್ಸ್ ಡಾಟ್ ಇನ್

ಅಕ್ಟೋಬರ್ 18, 2014, ಶನಿವಾರ

ನಮ್ಮ ಹನ್ನೆರಡು ಊರುಗಳ ಇಂಗ್ಲಿಷ್ ಹೆಸರು ಬದಲಿಸಲು ಕೇಂದ್ರ ಒಪ್ಪಿದೆ. ಪಟ್ಟಿ ಓದುವಾಗ ಸಾಹಿತಿ ಯು.ಆರ್. ಅನಂತಮೂರ್ತಿಯವರು ನೆನಪಾದರು. ಸುವರ್ಣ ಕರ್ನಾಟಕದ ಹೊತ್ತಿಗೆ ಈ ಮಾತು ಎತ್ತಿದವರು ಅವರೇ. ಆಗಸ್ಟ್‌ನಲ್ಲಿ ಹೋಗಿಬಿಟ್ಟರು. ಇನ್ನೆರಡು ತಿಂಗಳು ಇದ್ದಿದ್ದರೆ ಕಣ್ಣಾರೆ ನೋಡುತ್ತಿದ್ದರು.

ರಾತ್ರಿ ಊಟವಾದ ಮೇಲೆ ಡಾಟ್ ಇನ್‌ನಲ್ಲಿ ಹೊಸ ಕಾಗುಣಿತದ ವೆಬ್ ವಿಳಾಸಗಳನ್ನು ಹುಡುಕುತ್ತ ಕೂತೆ. ಬರೀ ಊರಿನ ಹೆಸರಿಗೆ ನಾನು ಕೈ ಹಾಕುವುದಿಲ್ಲ. ಎಂದಾದರೂ ಪಾಲಿಕೆಗೆ ಬೇಕಾಗುವ ಹೆಸರನ್ನು ಹಿಡಿದಿಟ್ಟು ದುಡ್ಡು ಕೇಳುವುದು ನನ್ನಿಂದಾಗದು. ಊರಿನ ಜೊತೆ ಅಲ್ಲಿನ ಕಸುಬು ಸೇರಿದ ಹೆಸರುಗಳ ಮಾತು ಬೇರೆ. ಬಳ್ಳಾರಿ ಜೀನ್ಸ್, ಕಲಬುರಗಿ ತೊಗರಿ, ಬೆಳಗಾವಿ ಕುಂದಾ ಕೊಂಡೆ. ಅಲ್ಲಿನ ಯಾವ ವ್ಯಾಪಾರಿಗಾದರೂ ಒಂದಲ್ಲ ಒಂದು ದಿನ ಇವು ಬೇಕಾಗುತ್ತವೆ.

ಅಕ್ಟೋಬರ್ 21, ಮಂಗಳವಾರ

ತಮ್ಮ ಫೋನ್ ಮಾಡಿದ್ದ. "ಮೈಸೂರಿನ ಹೆಸರಿರೋ ದೊಡ್ಡ ಬ್ರಾಂಡುಗಳನ್ನ ಹೊಸ ಕಾಗುಣಿತದಲ್ಲಿ ಹಿಡಿ ಅಣ್ಣ, ಕಂಪನಿಗಳೇ ಹುಡುಕ್ಕೊಂಡು ಬರ್ತವೆ" ಅಂದ. ಬೇಡ ಅಂದೆ. ಡಾಟ್ ಇನ್ ನೋಡಿಕೊಳ್ಳುವ ನಿಕ್ಸಿಯ ನಿಯಮ ಖಚಿತವಾಗಿದೆ: ಟ್ರೇಡ್‌ಮಾರ್ಕ್ ಒಡೆಯನಿಗೇ ಮಾರಬೇಕೆಂದು ಹೆಸರು ಹಿಡಿದರೆ ಅದು ದುರುದ್ದೇಶ. ದೂರು ಹೋದರೆ ಮಧ್ಯಸ್ಥಗಾರರು ಹೆಸರನ್ನು ಅವರಿಗೇ ವರ್ಗಾಯಿಸಬಹುದು. ನಿಯಮ ಇರದಿದ್ದರೂ ನಾನು ಮಾಡುತ್ತಿರಲಿಲ್ಲ. ಇನ್ನೊಬ್ಬರು ದುಡಿದು ಗಳಿಸಿದ ಹೆಸರಿಗೆ ಬೇಲಿ ಹಾಕಿ ಕೂರುವುದು ವ್ಯಾಪಾರವಲ್ಲ, ಕಳ್ಳತನ.

ನವೆಂಬರ್ 1, ಶನಿವಾರ

ರಾಜ್ಯೋತ್ಸವ. ಇವತ್ತಿನಿಂದ ಹೊಸ ಹೆಸರುಗಳು ಜಾರಿ. ಹುಬ್ಬಳ್ಳಿಗೆ ಎರಡು ಬಿ, ಎರಡು ಎಲ್ ಅಂತ ಬೆರಳಿಗೆ ರೂಢಿಯಾಗಲು ವರ್ಷಗಳೇ ಹಿಡಿಯುತ್ತವೆ. ಅಲ್ಲಿಯವರೆಗೆ ರಿನ್ಯೂವಲ್ ಕಟ್ಟುತ್ತಲೇ ಇರಬೇಕು. ಅದಕ್ಕೇ ಕೆಲವೇ ಹೆಸರು ಸಾಕು ಅನ್ನುವುದು.

ದೇವನಾಗರಿಯಲ್ಲಿ ಡಾಟ್ ಭಾರತ್ ಆಗಸ್ಟ್‌ನಲ್ಲೇ ಶುರುವಾಗಿದೆ. ನಮ್ಮ ಲಿಪಿಗೆ ಇನ್ನೂ ಬಂದಿಲ್ಲ. ವಿಳಾಸವನ್ನು ಕನ್ನಡದಲ್ಲೇ ಬರೆಯುವಂತಾದರೆ ಕಾಗುಣಿತದ ಗೊಂದಲವೇ ಇರದು. ಆಗ ನನ್ನ ಈ ಹೆಸರುಗಳ ಬೆಲೆ ಇಳಿಯುವುದಾದರೆ ಇಳಿಯಲಿ. ಬೇಗ ಬರಲಿ.

ನವೆಂಬರ್ 9, ಭಾನುವಾರ

ಬಳ್ಳಾರಿಯಿಂದ ಜೀನ್ಸ್ ಹೊಲಿಸುವವರೊಬ್ಬರ ಕರೆ. ಡಾಟ್ ಇನ್‌ನಲ್ಲಿ ಒಡೆಯರ ವಿವರ ಮರೆಮಾಚುವಂತಿಲ್ಲ, ನಂಬರ್ ಅಲ್ಲೇ ಸಿಕ್ಕಿದೆ.

"ಸಾರ್, ಆ ಹೆಸರು ನಮಗ ಬೇಕ್ರಿ. ಎಷ್ಟಕ್ಕ ಕೊಡ್ತೀರಿ?"

ಐದು ಸಾವಿರ ಅಂದೆ. ಒಪ್ಪಿದರು. ಇನ್ನೂ ಹೆಚ್ಚು ಕೇಳಬಹುದಿತ್ತೇನೋ, ಆದರೆ ದೀಪಾವಳಿಗೆ ಮುಂಚೆ ಕೆಲವು ನೂರು ರೂಪಾಯಿಗೆ ಕೊಂಡದ್ದಕ್ಕೆ ಇದು ನ್ಯಾಯವಾದ ಲಾಭ. ಕೊಂಡು ಅರವತ್ತು ದಿನವಾಗದೆ ಹೆಸರು ನೋಂದಾಯಿಸುವ ಬೇರೆ ರಿಜಿಸ್ಟ್ರಾರ್‌ಗೆ ಸಾಗಿಸಲಾಗದು. ನನ್ನ ರಿಜಿಸ್ಟ್ರಾರ್ ಬಳಿಯೇ ಅವರು ಖಾತೆ ತೆರೆದರೆ ಅವತ್ತೇ ಅವರ ಹೆಸರಿಗೆ ಮಾಡಿಕೊಡಬಹುದು. ಅವರು ಇಂಥದ್ದನ್ನೆಲ್ಲ ಮಾಡಿದವರಲ್ಲ. ನಾಳೆ ಬೆಳಿಗ್ಗೆ ಫೋನಿನಲ್ಲೇ ಹಂತಹಂತವಾಗಿ ಹೇಳಿಕೊಡಬೇಕು. ರಿನ್ಯೂವಲ್ ತಾರೀಕನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ ಅಂತಲೂ ಹೇಳಬೇಕು.